ಅಮ್ಮನ ಓಲೆಯನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ

ಪುಟ್ಟಿ, ಬೆಳಿಗ್ಗೆ ನೀನು ಗುಂಪಿಗೆ ಹಾಕಿದ ಐದು ಫೋಟೊಗಳನ್ನು ಈಗಷ್ಟೇ ನೋಡಿದೆ. ನಾಲ್ಕು ವಜ್ರದ ಉಂಗುರ, ಒಂದು ನಿನ್ನ ಅಜ್ಜಿಯ ವಜ್ರದ ಓಲೆ. ನಿಶ್ಚಿತಾರ್ಥಕ್ಕೆ ಯಾವ ಕಟ್ ತೆಗೆದುಕೊಳ್ಳಲಿ ಅತ್ತೆ ಎಂದು ಕೇಳಿದ್ದೀಯ. ಓಲೆಯ ಕಲ್ಲುಗಳು ಹಳೆಯ ಕಟಿಂಗ್, ನಡುವೆ ತೂತು ಬಿದ್ದಿದೆ, ಎಕ್ಸ್‌ಚೇಂಜ್‌ಗೆ ಹಾಕಿಬಿಡಿ ಎಂದು ಅಂಗಡಿಯವರು ಹೇಳಿದರು ಎಂದೂ ಬರೆದಿದ್ದೀಯ. ಇದು ಎರಡು ಸಾಲು ಟೈಪ್ ಮಾಡಿ ಮುಗಿಸುವ ವಿಷಯವಲ್ಲ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಅಣ್ಣ, ಅತ್ತಿಗೆ, ನೀವೂ ಕೇಳಿಸಿಕೊಳ್ಳಿ. ಓಲೆಯನ್ನು ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ. ಆ ತೂತು ಏನೆಂದು ಹೇಳುತ್ತೇನೆ, ಮೊದಲು ಉಂಗುರಗಳ ಮಾತು ಮುಗಿಸಿಬಿಡುತ್ತೇನೆ.

ಅಂಗಡಿಯಲ್ಲಿ ಪ್ರಿನ್ಸೆಸ್ ಕಟ್, ಓವಲ್ ಕಟ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಮ್ಮ ಮಾವನವರು ಅದನ್ನು ಒಪ್ಪುತ್ತಿರಲಿಲ್ಲ. ಇದೇ ದಾವಣಗೆರೆಯಲ್ಲಿ ಕೈ ನಡುಗುವವರೆಗೂ ಕಲ್ಲು ಕೂರಿಸಿದವರು ಅವರು. ಮೇಲಿನಿಂದ ನೋಡಿದಾಗ ಕಾಣುವ ಅಂಚಿನ ಗೆರೆ ಆಕಾರ. ಆ ಗೆರೆಯೊಳಗೆ ಮುಖಗಳನ್ನು ಎಷ್ಟು ಓರೆಯಾಗಿ, ಎಷ್ಟು ಆಳವಾಗಿ ಸಾಣೆ ಹಿಡಿದಿದ್ದಾರೆ ಎಂಬುದು ಕಟಿಂಗ್. ಎರಡನ್ನೂ ಬೇರೆಬೇರೆಯಾಗಿ ನೋಡಬೇಕಮ್ಮ ಎನ್ನುತ್ತಿದ್ದರು. ಒಂದೇ ಆಕಾರ, ಒಂದೇ ತೂಕದ ಎರಡು ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತಿದ್ದರು. ಒಂದು ಕೆಂಡದ ಹಾಗೆ ಉರಿಯುತ್ತಿತ್ತು, ಇನ್ನೊಂದು ಮಂಜುಗಡ್ಡೆಯ ಚೂರಿನ ಹಾಗೆ ಸುಮ್ಮನೆ ಕೂತಿರುತ್ತಿತ್ತು.

ನಿನ್ನ ಮೊದಲ ಫೋಟೊದಲ್ಲಿರುವುದು ದುಂಡು ಬ್ರಿಲಿಯಂಟ್. ಅದಕ್ಕೆ 57 ಮುಖಗಳು, ತುದಿಯನ್ನೂ ಚಪ್ಪಟೆ ಮಾಡಿದ್ದರೆ 58. ಮೇಲಿನಿಂದ ಇಳಿದ ಬೆಳಕು ಕೆಳಗಿನ ಒಂದು ಗೋಡೆಗೆ ಬಡಿದು, ಎದುರು ಗೋಡೆಗೆ ಹಾರಿ, ಮತ್ತೆ ಮೇಲಕ್ಕೇ ಬರಬೇಕು. 1919ರಲ್ಲಿ ಮಾರ್ಸೆಲ್ ಟಾಲ್ಕೋವ್‌ಸ್ಕಿ ಎಂಬವರು ಇದನ್ನು ಲೆಕ್ಕ ಹಾಕಿ, ಕೆಳಗಿನ ಓರೆ 40.75 ಡಿಗ್ರಿ, ಮೇಲಿನ ಓರೆ 34.5 ಡಿಗ್ರಿ ಇರಬೇಕೆಂದು ತೋರಿಸಿದರು. ಕಲ್ಲು ತೀರಾ ತೆಳುವಾದರೆ ಅಥವಾ ತೀರಾ ಆಳವಾದರೆ ಬೆಳಕು ಕೆಳಗಿನಿಂದಲೇ ಸೋರಿಹೋಗುತ್ತದೆ. ಆಳದ ಕಲ್ಲಿನಲ್ಲಿ ತೂಕ ಹೊಟ್ಟೆಯೊಳಗೆ ಅಡಗಿರುತ್ತದೆ. ತೂಕಕ್ಕೆ ದುಡ್ಡು ಕೊಟ್ಟಿರುತ್ತೀಯ, ಬೆರಳಿನ ಮೇಲೆ ಕಲ್ಲು ಚಿಕ್ಕದಾಗಿಯೇ ಕಾಣುತ್ತದೆ. ಸರಿಯಾದ ಅಳತೆಯ ಒಂದು ಕ್ಯಾರೆಟ್ ದುಂಡು ಕಲ್ಲು ಸುಮಾರು ಆರೂವರೆ ಮಿಲಿಮೀಟರ್ ಅಗಲ ಇರುತ್ತದೆ. ಕ್ಯಾರೆಟ್ ಎಂದರೆ ಇಲ್ಲಿ ತೂಕ, 200 ಮಿಲಿಗ್ರಾಂ. ಚಿನ್ನದ 22 ಕ್ಯಾರೆಟ್ ಶುದ್ಧತೆಯ ಲೆಕ್ಕ. ಅಣ್ಣ, ನೀವು ನಿನ್ನೆ ಇವೆರಡನ್ನೂ ಸೇರಿಸಿ ಮಾತನಾಡಿದಿರಿ, ಅದಕ್ಕೆ ಹೇಳಿದೆ.

ಎರಡನೆಯದು ಪ್ರಿನ್ಸೆಸ್. ಮೇಲೆ ಚೌಕ, ಕೆಳಗೆ ತಲೆಕೆಳಗಾದ ಗೋಪುರ. ಮಿಂಚು ಚೆನ್ನಾಗಿದೆ, ಆದರೆ ನಾಲ್ಕು ಮೂಲೆಗಳೂ ಚೂಪು. ವಜ್ರವನ್ನು ಗೀರಲು ಇನ್ನೊಂದು ವಜ್ರವೇ ಬೇಕು ನಿಜ, ಆದರೂ ಮೂಲೆಗೆ ಏಟು ಬಿದ್ದರೆ ಚಕ್ಕೆ ಏಳುತ್ತದೆ. ಆ ಉಂಗುರದಲ್ಲಿ ಮೂಲೆಗಳಿಗೆ ಚಿನ್ನದ ಹಿಡಿತವೇ ಇಲ್ಲ. ದಿನವೂ ಬೈಕ್ ಕೀಲಿ, ಲ್ಯಾಪ್‌ಟಾಪ್, ಪಾತ್ರೆ ಹಿಡಿಯುವ ಕೈ ನಿನ್ನದು. ಅದು ಬೇಡ.

ಮೂರನೆಯದು ಓವಲ್. ಅದನ್ನು ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ನೋಡಬೇಡ, ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಹೊರಳಿಸು. ನಡುವೆ ಡಮರುವಿನ ಆಕಾರದಲ್ಲಿ ಕಪ್ಪು ನೆರಳು ಕಾಣಿಸುತ್ತದೆಯೇ ನೋಡು. ಓವಲ್, ಹನಿಯ ಆಕಾರದ ಪೇರ್, ಎರಡೂ ತುದಿ ಚೂಪಾದ ಮಾರ್ಕೀಸ್, ಈ ಮೂರರಲ್ಲೂ ಆ ನೆರಳು ಸ್ವಲ್ಪವಾದರೂ ಇರುತ್ತದೆ. ಉಂಗುರ ತಿರುಗಿಸಿದರೂ ಕದಲದೆ ದಟ್ಟವಾಗಿ ಕೂತಿದ್ದರೆ ಕಟಿಂಗ್ ಸರಿಯಿಲ್ಲ. ಅತ್ತಿಗೆ, ನಿಮ್ಮ ಬೆರಳಿನಲ್ಲಿರುವುದು ಮಾರ್ಕೀಸ್. ಮಿಲ್ಲಿನಲ್ಲಿ ದುಡಿದ ನಮ್ಮ ಅಪ್ಪ ಅದನ್ನು ನೋಡಿದ ಕೂಡಲೇ ಮಗ್ಗದ ಲಾಳಿ ಎಂದಿದ್ದರು. ಫ್ರೆಂಚರು ಈ ಆಕಾರವನ್ನು ನವೆಟ್ ಎಂದೂ ಕರೆಯುತ್ತಾರೆ, ಆ ಪದಕ್ಕೆ ಅವರ ಭಾಷೆಯಲ್ಲಿ ಲಾಳಿ ಎಂಬ ಅರ್ಥವೂ ಇದೆ ಎಂದು ತಿಳಿದಾಗ ಅಪ್ಪ ಇರಬೇಕಿತ್ತು ಅನ್ನಿಸಿತು.

ನಾಲ್ಕನೆಯದು ಎಮರಾಲ್ಡ್ ಕಟ್, ಮೂಲೆ ಕತ್ತರಿಸಿದ ಆಯತದ ಆಕಾರ. ಪುಟ್ಟಿ, ನಾವೆಲ್ಲ ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿದ್ದೆವಲ್ಲ, ದಡದಲ್ಲಿ ನಿಂತು ಕೆಳಗೆ ನೋಡಿದರೆ ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಈ ಕಲ್ಲಿನೊಳಗೆ ಇಣುಕಿದರೆ ಅದೇ ನೋಟ. ಮುಖಗಳು ಮೆಟ್ಟಿಲಾಗಿರುವುದರಿಂದಲೇ ಇದಕ್ಕೆ ಸ್ಟೆಪ್ ಕಟ್ ಎನ್ನುತ್ತಾರೆ. ದುಂಡು ಕಲ್ಲಿನ ಹಾಗೆ ಕಿಡಿ ಚೆಲ್ಲುವುದಿಲ್ಲ. ಕೈ ಆಡಿಸಿದಾಗ ಅಗಲವಾದ ಬೆಳಕು ಒಮ್ಮೆ ಹಾದುಹೋಗುತ್ತದೆ. ನನಗೆ ತುಂಬಾ ಇಷ್ಟ. ಆದರೆ ತಿಳಿನೀರಿನ ತಳದಲ್ಲಿ ಬಿದ್ದ ಕಲ್ಲು ಕಾಣುವಂತೆ ಇದರೊಳಗಿನ ಚಿಕ್ಕ ಚುಕ್ಕೆಯೂ ಕಾಣುತ್ತದೆ, ಆದ್ದರಿಂದ ಶುಚಿಯಾದ ಕಲ್ಲನ್ನೇ ತೆಗೆದುಕೊಳ್ಳಬೇಕು, ಬೆಲೆ ಏರುತ್ತದೆ.

ಈಗ ಓಲೆ. ನೀನು ಹತ್ತಿರದಿಂದ ತೆಗೆದ ಫೋಟೊವನ್ನು ದೊಡ್ಡದು ಮಾಡಿ ನೋಡು. ಏಳು ಕಲ್ಲುಗಳಲ್ಲಿ ಒಂದೂ ಪೂರ್ತಿ ದುಂಡಗಿಲ್ಲ, ಮೂಲೆ ಸವೆದ ಚೌಕದಂತೆ, ಪುಟ್ಟ ದಿಂಬಿನಂತೆ ಇವೆ. ಮೇಲಿನ ಚಪ್ಪಟೆ ಮುಖ ಚಿಕ್ಕದು, ಅದರ ಸುತ್ತಲಿನ ಭಾಗ ಎತ್ತರ. ಒಂದಕ್ಕೂ ಇನ್ನೊಂದಕ್ಕೂ ತುಸು ವ್ಯತ್ಯಾಸ. ನಡುವೆ ಸೂಜಿಯಿಂದ ಚುಚ್ಚಿದಂತೆ ಕಾಣುವ ಚುಕ್ಕೆ ಇದೆಯಲ್ಲ, ಅದು ಕ್ಯೂಲೆಟ್. ಹಿಂದಿನ ಕಾಲದವರು ಕಲ್ಲಿನ ಕೆಳತುದಿಯನ್ನು ಮೊನೆಯಾಗಿ ಬಿಡದೆ ಸಣ್ಣ ಚಪ್ಪಟೆ ಮುಖ ಮಾಡುತ್ತಿದ್ದರು, ಮೇಲಿನಿಂದ ಅದೇ ತೂತಿನಂತೆ ಕಾಣುತ್ತದೆ. ಮಾವನವರು ಈ ಓಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಓಲ್ಡ್ ಮೈನ್ ಕಟಿಂಗ್, ಜೋಪಾನ ಎಂದು ನನ್ನ ಎದುರಿಗೇ ಅಮ್ಮನಿಗೆ ಹೇಳಿದ್ದರು. ಹರಳಿನ ಸಹಜ ಆಕಾರವನ್ನೇ ಅನುಸರಿಸಿ, ಕಣ್ಣಳತೆಯ ಮೇಲೆ ಸಾಣೆ ಹಿಡಿದ ಕಲ್ಲುಗಳು ಇವು. ಮಂಗಳಾರತಿಯ ಹೊತ್ತಿನಲ್ಲಿ ಅಮ್ಮ ತಲೆ ತಗ್ಗಿಸಿದಾಗ ಓಲೆಯಿಂದ ಕೆಂಪು, ನೀಲಿ ಮಿಂಚು ಏಳುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಓಲೆ ಮಂಕಾಗಿದೆ ಎಂದೂ ಅಂಗಡಿಯವರು ಹೇಳಿದರಂತೆ. ಅದು ಕ್ಲೋಸ್ ಸೆಟ್ಟಿಂಗ್, ಹಿಂಬದಿ ಮುಚ್ಚಿದೆ. ಎಣ್ಣೆ, ನೀರು ಒಳಗೆ ಇಳಿದರೆ ಹಿಂದಿನ ತಗಡು ಕಪ್ಪಾಗುತ್ತದೆ, ಕಲ್ಲು ಕೆಟ್ಟಿರುವುದಿಲ್ಲ. ಸೀಗೆಕಾಯಿ, ಸೋಪಿನ ನೀರಿನಲ್ಲಿ ಮಾತ್ರ ನೆನೆಸಬೇಡಿ ಅತ್ತಿಗೆ, ಒಣ ಮೆತ್ತನೆಯ ಬಟ್ಟೆ ಸಾಕು. ಮತ್ತೆ ಸಾಣೆ ಹಿಡಿಸಿ ಹೊಸ ದುಂಡು ಮಾಡಿಸೋಣ ಎಂದರೂ ಒಪ್ಪಬೇಡಿ. ಕೊಹಿನೂರನ್ನು 1852ರಲ್ಲಿ ಮತ್ತೆ ಸಾಣೆ ಹಿಡಿಸಿದಾಗ ಸುಮಾರು 191 ಕ್ಯಾರೆಟ್ ಇದ್ದುದು 105.6ಕ್ಕೆ ಇಳಿಯಿತು. ನಮ್ಮ ಈ ಸಣ್ಣ ಕಲ್ಲುಗಳಲ್ಲಿ ಏನು ಉಳಿದೀತು?

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮಾವನವರು ತೀರಿಕೊಂಡ ಮರುವರ್ಷ ಮಗನ ಫೀಸಿಗಾಗಿ ನಮ್ಮ ಅತ್ತೆಯವರ ಎಂಟು ಕಲ್ಲಿನ ಮೂಗುಬಟ್ಟನ್ನು ಒಂದು ಅಂಗಡಿಗೆ ಕೊಟ್ಟೆ. ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ದುಡ್ಡು ಎಣಿಸಿದರು. ಹಾಗಾದರೆ ಕಲ್ಲುಗಳನ್ನು ಬಿಚ್ಚಿ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಅವರಾಗಿ ಕೊಡಲೂ ಇಲ್ಲ. ಎಂಟು ಕಲ್ಲುಗಳೂ ಹೋದವು. ಅತ್ತೆಯವರು ಆಮೇಲೆ ಒಂದು ಮಾತೂ ಆಡಲಿಲ್ಲ, ಅದೇ ಇನ್ನೂ ನೋಯುತ್ತದೆ.

ಉಂಗುರಕ್ಕೆ ಪ್ರಮಾಣಪತ್ರ ಕೇಳು. ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎ ಕೊಡುವ ಪ್ರಮಾಣಪತ್ರದಲ್ಲಿ ಕಟಿಂಗ್‌ಗೆ ದರ್ಜೆ ಕೊಡುವುದು ದುಂಡು ಬ್ರಿಲಿಯಂಟ್‌ಗೆ. ಬೇರೆ ಆಕಾರಗಳನ್ನು ನಿನ್ನ ಕಣ್ಣೇ ನೋಡಬೇಕು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಇವೇ ಆಕಾರ, ಇದೇ ಹೊಳಪು, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಕೊಂಡರೆ ತಪ್ಪಿಲ್ಲ, ಬಿಲ್ಲಿನಲ್ಲಿ ಹಾಗೆಂದು ಬರೆಸಿಕೋ. ನನ್ನನ್ನು ಕೇಳಿದರೆ ನಿನ್ನ ಕೈಗೆ ಮೊದಲ ಫೋಟೊದ ದುಂಡು ಕಲ್ಲು. ಡಮರು ಕಾಣದಿದ್ದರೆ ಓವಲ್ ಕೂಡ ಆಗಬಹುದು.

ಅಣ್ಣ, ಮುಂಗಡ ಕೊಡುವುದನ್ನು ಭಾನುವಾರದವರೆಗೆ ತಡೆಯಿರಿ. ನಾನು ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಬರುತ್ತೇನೆ, ಮಾವನವರ ಭೂತಗನ್ನಡಿ ನನ್ನ ಬಳಿಯೇ ಇದೆ. ಪುಟ್ಟಿ, ಓಲೆಯನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿರು, ಹಗಲು ಬೆಳಕಿರುವಾಗ ಮಹಡಿಯ ಮೇಲೆ ಕೂತು ಇಬ್ಬರೂ ಏಳು ಕಲ್ಲುಗಳನ್ನೂ ಒಂದೊಂದಾಗಿ ನೋಡೋಣ.