ದೀಮಾನ ಯಾವ ಹಾಡು ಕೇಳಬೇಕು?

ಸಂಜೆಮಲ್ಲಿಗೆ: ಇವತ್ತು ನವೆಂಬರ್ 22. 2017ರಲ್ಲಿ ಇದೇ ದಿನ ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಗಾಯಕ ದ್ಮಿತ್ರಿ ಹ್ವೊರೊಸ್ಟೊವ್ಸ್ಕಿ ಲಂಡನ್ನಿನಲ್ಲಿ ತೀರಿಕೊಂಡರು. ಮೆದುಳಿನಲ್ಲಿ ಗೆಡ್ಡೆಯಾಗಿತ್ತು. ವಯಸ್ಸು ಬರೀ 55. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಊರಿನವರು. ಬ್ಯಾರಿಟೋನ್ ದನಿ, ಅಂದರೆ ತೀರಾ ಮೇಲೂ ಅಲ್ಲ, ತೀರಾ ಕೆಳಗೂ ಅಲ್ಲ. ಅಭಿಮಾನಿಗಳಿಗೆ ಅವರು ದೀಮಾ. ನನಗೂ ಅಷ್ಟೇ.

ಪ್ರತಿ ವರ್ಷ ಈ ದಿನ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದೇ ವಿಡಿಯೋ ನೋಡುತ್ತೇನೆ. 2017ರ ಮೇ 7, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗಮಂದಿರ. ಇವರು ಬರುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ನಿಂತರೆ ಮೈ ಓಲಾಡುತ್ತದೆ, ಇನ್ನು ಪೂರ್ತಿ ಒಪೆರಾ ಮಾಡಲಾರೆ ಎಂದು ಹಿಂದಿನ ಡಿಸೆಂಬರಿನಲ್ಲೇ ತಿಳಿಸಿಬಿಟ್ಟಿದ್ದರು. ಆದರೂ ಬಂದರು. ಇಟಲಿಯ ಸಂಗೀತಗಾರ ವೆರ್ದಿಯ ‘ರಿಗೊಲೆಟ್ಟೊ’ ಒಪೆರಾದ ಹಾಡು. ರಿಗೊಲೆಟ್ಟೊ ದೊರೆಯ ಆಸ್ಥಾನದ ಗೂನು ಬೆನ್ನಿನ ವಿದೂಷಕ. ಅವನ ಮಗಳನ್ನು ಆಸ್ಥಾನದವರೇ ಹೊತ್ತುಕೊಂಡು ಹೋಗಿದ್ದಾರೆ. ಮೊದಲು ಬೈಯುತ್ತಾನೆ, ಆಮೇಲೆ ಅಳುತ್ತಾನೆ, ಕೊನೆಗೆ ಕೈಮುಗಿಯುತ್ತಾನೆ. ಕಾಯಿಲೆಯ ಮನುಷ್ಯ ಅಷ್ಟನ್ನೂ ಹಾಡಿ ಮುಗಿಸಿದರು. ನೀವೆಲ್ಲ ಅವರನ್ನು ಯಾವ ಹಾಡಿನಲ್ಲಿ ನೆನೆಯುತ್ತೀರಿ?

ಹಳೇರೇಡಿಯೋ: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಆ ವಿಡಿಯೋ ನಾನು ಒಂದೇ ಸಲ ನೋಡಿದ್ದು. ಇನ್ನೊಂದು ಸಲ ನೋಡಲ್ಲ. ಅದರಲ್ಲಿ ನಾವು ಹಾಡು ಕೇಳುತ್ತಿದ್ದೇವೋ, ರೋಗ ನೋಡುತ್ತಿದ್ದೇವೋ? ಒಬ್ಬ ಕಲಾವಿದ ಇಡೀ ಬದುಕು ದನಿ ಪಳಗಿಸಿದ್ದು ಕೊನೇ ಆರು ತಿಂಗಳಿಗಾಗಿ ಅಲ್ಲ.

ನಾನು 1989ರಲ್ಲಿ ವೇಲ್ಸಿನ ಕಾರ್ಡಿಫ್‌ನಲ್ಲಿ ನಡೆದ ಹಾಡುಗಾರಿಕೆ ಸ್ಪರ್ಧೆಯದ್ದು ಕೇಳುತ್ತೇನೆ. ಆಗ ಅವರಿಗೆ 26 ವರ್ಷ. ಎದುರಿಗೆ ಇದ್ದದ್ದು ವೇಲ್ಸಿನವರೇ ಆದ ಗಾಯಕ ಬ್ರಿನ್ ಟರ್ಫೆಲ್. ಊರ ಹುಡುಗನೇ ಗೆಲ್ಲಲಿ ಅಂತ ಜನಕ್ಕೆ ಇರುತ್ತದಲ್ವಾ. ಆದರೂ ಗೆದ್ದದ್ದು ಸೈಬೀರಿಯಾದ ಹುಡುಗ. ವೆರ್ದಿಯದೇ ಒಪೆರಾ ‘ಡಾನ್ ಕಾರ್ಲೊ’ದಲ್ಲಿ ಗೆಳೆಯನಿಗಾಗಿ ಪ್ರಾಣ ಕೊಡುವವನ ಹಾಡು. ಸಾಲಿನ ಮೇಲೆ ಸಾಲು ಹೋಗುತ್ತದೆ, ಉಸಿರು ಮುಗಿಯುವುದೇ ಇಲ್ಲ. ಅದು ದೀಮಾ.

ತುಂಗಾತೀರ: ಇಬ್ಬರಿಗೂ ನಮಸ್ಕಾರ. ನಿಮ್ಮ ದುಃಖದ ಬಗ್ಗೆ ಗೌರವ ಇದೆ. ಆದರೆ ನಿಜ ಹೇಳುತ್ತೇನೆ, ನನಗೆ ಒಪೆರಾ ಒಳಗೆ ಇಳಿಯಲ್ಲ. ನಾಲ್ಕೈದು ಸಲ ಪ್ರಯತ್ನ ಪಟ್ಟಿದ್ದೇನೆ. ಎಲ್ಲರೂ ಕಿರುಚಿದ ಹಾಗೆ ಕೇಳುತ್ತದೆ. ಭಾಷೆ ಗೊತ್ತಿಲ್ಲ, ಗೊತ್ತಿರುವವರಿಗೂ ಅಕ್ಷರ ಬಿಡಿಸಿ ಕೇಳಲ್ಲವಂತೆ. ಯಕ್ಷಗಾನದಲ್ಲೂ ಕಥೆ ಹಾಡಿನಲ್ಲೇ ನಡೆಯುತ್ತದೆ, ಆದರೆ ಆ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಇಟಲಿಯ ಒಬ್ಬ ವಿದೂಷಕನ ಮಗಳಿಗೆ ನನ್ನ ಕಣ್ಣಲ್ಲಿ ನೀರು ಹೇಗೆ ಬರಬೇಕು?

ಜೆರ್ಸಿಗೌಡ: ತುಂಗಾತೀರ ಅವರೇ, ಮೊಬೈಲಿನಲ್ಲಿ ಕೇಳಿದರೆ ನನಗೂ ಕಿರುಚಿದ ಹಾಗೇ ಇತ್ತು. ಆಮೇಲೆ ಮೆಟ್‌ಗೆ, ಅಂದರೆ ಅದೇ ಮೆಟ್ರೊಪಾಲಿಟನ್ ಒಪೆರಾಕ್ಕೆ, ಹೋದೆ. ಸುಮಾರು 3800 ಸೀಟು, ಮೈಕ್ ಇಲ್ಲ. ನಾನು ಕೂತಿದ್ದು ತೀರಾ ಮೇಲೆ, ಕಡಿಮೆ ದುಡ್ಡಿನ ಸೀಟಿನಲ್ಲಿ. ಕೆಳಗೆ ಮನುಷ್ಯ ಹೆಬ್ಬೆರಳಷ್ಟು ಕಾಣುತ್ತಾನೆ, ದನಿ ಮಾತ್ರ ಪಕ್ಕದಲ್ಲಿ ಕೂತು ಹಾಡಿದ ಹಾಗೆ. ವಾದ್ಯಗಳೆಲ್ಲ ಸೇರಿದಾಗ ಸದ್ದಿನ ಜೋರು ಇರುವುದು 500 ಹರ್ಟ್ಸ್ (ಸ್ವರ ಎಷ್ಟು ಎತ್ತರದ್ದು ಎಂಬ ಅಳತೆ) ಆಸುಪಾಸಿನಲ್ಲಿ. ಪಳಗಿದ ಗಂಡಸಿನ ದನಿ 3000 ಹರ್ಟ್ಸ್ ಹತ್ತಿರ ಮತ್ತೊಮ್ಮೆ ಏಳುತ್ತದೆ. ಅಲ್ಲಿ ವಾದ್ಯಗಳ ಸದ್ದು ಕಮ್ಮಿ, ನಮ್ಮ ಕಿವಿ ಚುರುಕು. ಆ ಸಂದಿಯಲ್ಲೇ ದನಿ ಹೊರಗೆ ಬರುವುದು. ಚಿಕ್ಕ ಸ್ಪೀಕರಿನಲ್ಲಿ ಅದೊಂದೇ ಚುಚ್ಚುತ್ತದೆ. ಮಾತಿನ ಅರ್ಥ ಮುಂದಿನ ಸೀಟಿನ ಬೆನ್ನ ಮೇಲಿನ ಪುಟ್ಟ ಪರದೆಯಲ್ಲಿ ಮೂಡುತ್ತಿರುತ್ತದೆ, ಅದೇನೂ ತೊಂದರೆ ಇಲ್ಲ.

ನಾನು ದೀಮಾರನ್ನು ಕೇಳಿದ್ದು 2015ರ ಸೆಪ್ಟೆಂಬರ್ 25ರಂದು, ವೆರ್ದಿಯ ಇನ್ನೊಂದು ಒಪೆರಾ ‘ಇಲ್ ತ್ರೊವತೋರೆ’ಯಲ್ಲಿ, ಅದೇ ಮೆಟ್‌ನಲ್ಲಿ. ಜೂನ್‌ನಲ್ಲಿ ಕಾಯಿಲೆ ಗೊತ್ತಾಗಿತ್ತು, ಚಿಕಿತ್ಸೆಯ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ವೇದಿಕೆಗೆ ಕಾಲಿಟ್ಟ ತಕ್ಷಣ ಚಪ್ಪಾಳೆ, ಸಂಗೀತವೇ ನಿಂತುಹೋಯಿತು. ಅವರು ಪಾತ್ರ ಬಿಟ್ಟು ಒಂದು ಗಳಿಗೆ ನಕ್ಕರು. ಕೊನೆಗೆ ವಾದ್ಯದವರು ವೇದಿಕೆಯ ಮುಂದೆ ತಾವು ಕೂರುವ ತಗ್ಗಿನಿಂದ ಬಿಳಿ ಗುಲಾಬಿಗಳನ್ನು ಎಸೆದರು. ಅಭಿಮಾನಿಗಳಲ್ಲ, ದಿನಾ ಜೊತೆಗೆ ಕೆಲಸ ಮಾಡುವ ವಾದ್ಯದವರು. ಹಳೇರೇಡಿಯೋ ಸರ್, ನಾನು ಅವತ್ತು ನೋಡಿದ್ದು ರೋಗ ಅಲ್ಲ. ದನಿ ಅಷ್ಟು ಗಟ್ಟಿಯಾಗಿತ್ತು.

ಹಳೇರೇಡಿಯೋ: 2015 ಒಪ್ಪುತ್ತೇನೆ ಗೌಡ್ರೇ. ನನ್ನ ತಕರಾರು 2017ರದ್ದು. ಜನ ಎದ್ದು ನಿಂತದ್ದು ಹಾಡಿ ಮುಗಿದ ಮೇಲೆ ಮಾತ್ರ ಅಲ್ಲ, ಹಾಡುವ ಮುಂಚೆಯೂ. ಅದು ಹಾಡಿಗೆ ಸಿಕ್ಕ ಚಪ್ಪಾಳೆ ಆಗಲ್ಲ.

ಸಂಜೆಮಲ್ಲಿಗೆ: ಸರ್, ಆಗದೇ ಇರಲಿ ಬಿಡಿ. ಮನುಷ್ಯನಿಗೆ ಸಿಕ್ಕಿತಲ್ಲ.

ನಾನು ಅದನ್ನೇ ಯಾಕೆ ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ನಮ್ಮಪ್ಪನಿಗೆ ಲಕ್ವ ಹೊಡೆದ ಮೇಲೆ ಮಾತು ತೊದಲುತ್ತಿತ್ತು. ನೀರು ಬೇಕು ಅನ್ನುವುದಕ್ಕೂ ಕಷ್ಟ. ಆದರೆ ಬೆಳಗ್ಗೆ ಸ್ನಾನ ಮಾಡಿಸಿ ಕೂರಿಸಿದರೆ ಒಂದು ದೇವರನಾಮ ಹೇಳುತ್ತಿದ್ದರು. ಶ್ರುತಿ ಜಾರುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಮನೆಗೆ ಬಂದವರು “ಪಾಪ, ಯಾಕೆ ಹಾಡಿಸ್ತೀರಿ, ಸುಸ್ತಾಗತ್ತೆ” ಅನ್ನುತ್ತಿದ್ದರು. ನಾವು ಹಾಡಿಸುತ್ತಿರಲಿಲ್ಲ, ಅವರೇ ಹಾಡುತ್ತಿದ್ದರು. ಆ ಐದು ನಿಮಿಷ ಅವರು ರೋಗಿ ಆಗಿರಲಿಲ್ಲ. ದೀಮಾ ಅದೇ 2017ರ ಜೂನ್ 2ರಂದು ಪೆಟ್ಟಾದ ತೋಳನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ತಮ್ಮೂರಿಗೆ ಹೋಗಿ ಹಾಡಿದ್ದೂ ಅದಕ್ಕೇ ಅಂತ ನನ್ನ ನಂಬಿಕೆ. ಬೇಡ ಅನ್ನಲು ನಾವು ಯಾರು?

ಹಳೇರೇಡಿಯೋ: ಮೇಡಂ, ಅಪ್ಪನ ವಿಷಯ ಓದಿ ಗಂಟಲು ಕಟ್ಟಿತು. ಅವರು ಹಾಡಬಾರದಿತ್ತು ಅಂತ ನಾನು ಹೇಳಲ್ಲ. ನನಗೆ ನೋಡಲಾಗಲ್ಲ, ಅಷ್ಟೇ. ಅವರ ಹಳೆಯ ಧ್ವನಿಮುದ್ರಣಗಳಲ್ಲಿ ಸಾಲಿಗೆ ಮುಂಚೆ ಮೂಗಿನಿಂದ ಉಸಿರು ಸೆಳೆಯುವುದು ಚೆನ್ನಾಗಿ ಕೇಳಿಸುತ್ತದೆ. ವಿಮರ್ಶಕರು ಅದನ್ನು ದೋಷ ಅಂದರು. ನಾನು ಈಗ ಅದಕ್ಕೇ ಕಾಯುತ್ತೇನೆ. ಉಸಿರು ಕೇಳಿದರೆ ಮನುಷ್ಯ ಇನ್ನೂ ಇದ್ದಾನೆ ಅನಿಸುತ್ತದೆ.

ತುಂಗಾತೀರ ಅವರೇ, ನೀವು ಒಪೆರಾದಿಂದ ಶುರು ಮಾಡಬೇಡಿ. ಅವರು ಹಾಡಿದ ಯುದ್ಧಕಾಲದ ರಷ್ಯನ್ ಹಾಡುಗಳಿವೆ. ಅಲ್ಲಿ ದನಿ ಜಾಸ್ತಿ ಏರುವುದಿಲ್ಲ.

ತುಂಗಾತೀರ: ಸರ್, ನಿಮ್ಮ ಮಾತು ಮೀರಿ ಮೇಡಂ ಹೇಳಿದ ವಿಡಿಯೋವನ್ನೇ ನೋಡಿದೆ. ಹೆಡ್‌ಫೋನ್ ಹಾಕಿಕೊಂಡು, ಎರಡು ಸಲ. ಮೊದಲಿನ ಬೈಗುಳ ನನಗೆ ಈಗಲೂ ಹಿಡಿಸಲಿಲ್ಲ. ಒಪೆರಾ ಇಷ್ಟ ಆಯಿತು ಅಂತ ಸುಳ್ಳು ಹೇಳಲ್ಲ. ಆದರೆ ಕೊನೆಯ ಭಾಗದಲ್ಲಿ ವಾದ್ಯಗಳ ಗಲಾಟೆ ಇಳಿದು ಒಂದೇ ಒಂದು ವಾದ್ಯ ದನಿಯ ಕೆಳಗೇ ಓಡಾಡುತ್ತದೆ. ಚೆಲ್ಲೋ, ಆ ದೊಡ್ಡ ಪಿಟೀಲಿನಂಥದ್ದು, ಇರಬೇಕು ಅಲ್ವಾ? ಅಲ್ಲಿ ಕೈಕೆಲಸ ನಿಂತುಹೋಯಿತು. ಅವನು ಅಲ್ಲಿ ಏನು ಹೇಳುತ್ತಾನೆ?

ಸಂಜೆಮಲ್ಲಿಗೆ: ಚೆಲ್ಲೋನೇ. ಆ ಜಾಗದಲ್ಲಿ ಅವನು ಹೇಳುವುದು ಇಷ್ಟೇ: ಸ್ವಾಮಿ, ತಪ್ಪಾಯಿತು, ಕರುಣೆ ತೋರಿಸಿ, ಈ ಮುದುಕನಿಗೆ ಮಗಳನ್ನು ಕೊಟ್ಟುಬಿಡಿ. ಕೊಟ್ಟರೆ ನಿಮಗೇನೂ ನಷ್ಟವಿಲ್ಲ. ನನಗೆ ಪ್ರಪಂಚದಲ್ಲಿ ಇರುವುದು ಅವಳೊಬ್ಬಳೇ.