ಪ್ರೋಟಾನು ‘ಮೂಲಕಣ’ವೇ?

ಪದಬಲ್ಲ ಮಿತ್ರರಿಗೆ ನಮಸ್ಕಾರ.

ಚಳ್ಳಕೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಲೆಕ್ಟ್ರಾನು, ಪ್ರೋಟಾನು, ನ್ಯೂಟ್ರಾನು ಈ ಮೂರಕ್ಕೂ ಸೇರಿ ಕನ್ನಡದಲ್ಲಿ ಏನನ್ನಬೇಕು? ‘ಮೂಲಕಣ’, ‘ಮೂಲಭೂತ ಕಣ’ ಎಂದು ಬರೆಯುವವರಿದ್ದಾರೆ, ‘ಉಪಪರಮಾಣು ಕಣ’ ಎನ್ನುವವರೂ ಇದ್ದಾರೆ. ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುವುದು ನನಗಂತೂ ಸರಿಕಾಣುತ್ತಿಲ್ಲ.

ತಾಮ್ಸನ್ 1897ರಲ್ಲಿ ಗುರುತಿಸಿದ ಎಲೆಕ್ಟ್ರಾನಿನೊಳಗೆ ಇನ್ನೇನೋ ಇದೆಯೆಂದು ಈವರೆಗೆ ಯಾರೂ ತೋರಿಸಿಲ್ಲ. ಅದು ಮೂಲಕಣ, ತಕರಾರಿಲ್ಲ. ಪ್ರೋಟಾನಿನ ಕಥೆ ಬೇರೆ. ರುದರ್‌ಫೋರ್ಡ್ 1920ರಲ್ಲಿ ಅದಕ್ಕೆ ಆ ಹೆಸರಿಟ್ಟಾಗ, ಚಾಡ್ವಿಕ್ 1932ರಲ್ಲಿ ನ್ಯೂಟ್ರಾನನ್ನು ಕಂಡಾಗ ‘ಮೂಲ’ ಎಂಬ ಮಾತು ಒಪ್ಪುತ್ತಿತ್ತು. 1964ರಲ್ಲಿ ಗೆಲ್‌ಮನ್, ಜ್ವೈಗ್ ಇಬ್ಬರೂ ಬೇರೆಬೇರೆಯಾಗಿ ಪ್ರೋಟಾನು, ನ್ಯೂಟ್ರಾನುಗಳನ್ನೂ ಕಟ್ಟುವ ಇನ್ನೂ ಸಣ್ಣ ಕಣ, ಅಂದರೆ ಕ್ವಾರ್ಕಿನ ವಿಚಾರ ಎತ್ತಿದರು. ಆ ದಶಕದ ಕೊನೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಲೆಕ್ಟ್ರಾನುಗಳನ್ನು ರಭಸದಿಂದ ಪ್ರೋಟಾನಿಗೆ ಅಪ್ಪಳಿಸಿದಾಗ, ಒಳಗೆ ಚುಕ್ಕಿಯಂಥ ಸಣ್ಣ ತುಣುಕುಗಳಿರುವುದು ಗೊತ್ತಾಯಿತು. ಅವೇ ಕ್ವಾರ್ಕುಗಳು; ಅಪ್, ಡೌನ್ ಎಂಬುವು ಅವುಗಳ ಬಗೆಗಳು. ಪ್ರೋಟಾನಿನಲ್ಲಿ ಎರಡು ಅಪ್, ಒಂದು ಡೌನ್. ನ್ಯೂಟ್ರಾನಿನಲ್ಲಿ ಒಂದು ಅಪ್, ಎರಡು ಡೌನ್. ಅಪ್‌ನ ವಿದ್ಯುದಾವೇಶ (ಚಾರ್ಜ್) +2/3, ಡೌನ್‌ನದು –1/3. ಕೂಡಿದರೆ ಒಂದಕ್ಕೆ 1, ಇನ್ನೊಂದಕ್ಕೆ ಸೊನ್ನೆ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವಾಗ ಪ್ರೋಟಾನನ್ನು ‘ಮೂಲಕಣ’ ಎಂದು ಬರೆಸುವುದು ಹೇಗೆ?

‘ಕಣ’ದ್ದೂ ಒಂದು ತಮಾಷೆಯಿದೆ. ನಮ್ಮ ಸೀಮೆಯಲ್ಲಿ ಕಣ ಎಂದರೆ ರಾಗಿ ಒಕ್ಕುವ ಜಾಗ. ಅದು ಅಚ್ಚಗನ್ನಡದ್ದು, ‘ಕಳ’ ಎಂಬ ರೂಪವೂ ಉಂಟು. ಪುಡಿ, ಚೂರು ಎಂಬರ್ಥದ ಕಣ ಸಂಸ್ಕೃತದಿಂದ ಬಂದದ್ದು. ‘ಮೂಲಕಣ’ ಎಂದಾಗ ಹುಡುಗನೊಬ್ಬ, “ಹಳೇ ಕಣನಾ ಸಾರ್?” ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪೇನಿಲ್ಲ. (ನೆಗೆಟಿವ್ ಚಾರ್ಜಿಗೆ ಹೇಳುವ ‘ಋಣಾವೇಶ’ದ ತಂಟೆಗೆ ಇಲ್ಲಿ ಹೋಗುವುದಿಲ್ಲ. ಸಾಲವೂ ಉಂಟು, ಮೈಮೇಲೆ ದೇವರು ಬರುವುದೂ ಉಂಟು!)

‘ಉಪಪರಮಾಣು’ ಅರ್ಥದಲ್ಲಿ ಸರಿ, ಆದರೆ ಉಪ ಎಂದೊಡನೆ ಉಪಾಧ್ಯಕ್ಷ, ಉಪತಹಶೀಲ್ದಾರರು ಎದುರು ನಿಲ್ಲುತ್ತಾರೆ. ಪರಮಾಣುವಿಗಿಂತ ಕೆಳಗಿನದು ಎಂಬುದು ತಲುಪುತ್ತದೆ, ಅದರೊಳಗಿನದು ಎಂಬುದು ತಲುಪುವುದಿಲ್ಲ.

ನಾನು ತರಗತಿಯಲ್ಲಿ ‘ಒಳಕಣ’ ಎನ್ನುತ್ತಿದ್ದೇನೆ. ಎಲೆಕ್ಟ್ರಾನು, ಕ್ವಾರ್ಕುಗಳಿಗೆ ಮಾತ್ರ ‘ಮೂಲಕಣ’. ಮಕ್ಕಳಿಗೆ ಇದು ಬೇಗ ಹತ್ತಿತು. ಆದರೂ ಒಂದು ತೊಡಕಿದೆ: ನ್ಯೂಟ್ರಾನು ಪರಮಾಣುವಿನಿಂದ ಹೊರಬಿದ್ದು ಒಂಟಿಯಾಗಿಯೂ ಇರುತ್ತದೆ, ಸರಾಸರಿ ಕಾಲುಗಂಟೆ ಬಾಳುತ್ತದೆ. ಹೊರಗಿರುವಾಗಲೂ ‘ಒಳಕಣ’ ಎಂದರೆ ಕಿವಿಗೆ ಒರಟು. ಬೆಳಕಿನ ಕಣವಾದ ಫೋಟಾನಂತೂ ಪರಮಾಣುವನ್ನು ಕಟ್ಟುವ ಭಾಗವೇ ಅಲ್ಲ, ಅದಕ್ಕೆ ಈ ಹೆಸರು ಹೊಂದುವುದೇ ಇಲ್ಲ.

‘ಪರಮಾಣು ಘಟಕ’ ಎನ್ನಬಹುದೇ, ಅಥವಾ ಅದು ಕೈಗಾದಂಥ ವಿದ್ಯುತ್ ಘಟಕದಂತೆ ಕೇಳುತ್ತದೆಯೇ? ಪಠ್ಯ ಬರೆದವರು, ಪ್ರಶ್ನೆಪತ್ರಿಕೆ ತೆಗೆಯುವವರು ನಿಮ್ಮಲ್ಲಿದ್ದರೆ ಯಾವ ಪದ ಬಳಸುತ್ತೀರಿ, ಯಾಕೆ ಎಂದು ತಿಳಿಸಿ. ನ್ಯೂಕ್ಲಿಯಸ್ಸಿನೊಳಗಿನ ಪ್ರೋಟಾನು, ನ್ಯೂಟ್ರಾನು ಎರಡಕ್ಕೆ ಮಾತ್ರ ಸಲ್ಲುವ ‘ನ್ಯೂಕ್ಲಿಯಾನ್’ಗೂ ಕನ್ನಡದ ಪದ ಕಂಡಿದ್ದರೆ ಅದನ್ನೂ ಹೇಳಿ.