ಗ್ಲೆನ್‌ವುಡ್ ಬೆಟ್ಟದ ಮೇಲಿನ ಪಾರ್ಕ್: ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀವಿ, ಯಾರು ಯಾವ ರೈಡ್ ಹತ್ತಬಹುದು?

ಮಲೆನಾಡಿಗ_ಡೆನ್ವರ್

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಆಗಸ್ಟ್ ಕೊನೆವರೆಗೂ ಇರ್ತಾರೆ. ಒಂದು ಶನಿವಾರ ಡೆನ್ವರ್‌ನಿಂದ ಇಲ್ಲೇ ಕೊಲರಾಡೊದಲ್ಲಿರೋ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ಗೆ ಹೋಗಿ ಗ್ಲೆನ್‌ವುಡ್ ಕ್ಯಾವರ್ನ್ಸ್ ಅಡ್ವೆಂಚರ್ ಪಾರ್ಕ್ ನೋಡ್ಕೊಂಡು ಬರೋಣ ಅಂತಿದ್ದೀವಿ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ.

ನಮ್ಮನೇಲಿ ಎಲ್ಲ ಉಲ್ಟಾ. ಅಪ್ಪನಿಗೆ 67, ಬಿ.ಪಿ. ಮಾತ್ರೆ ತಗೋತಾರೆ, ರೋಪ್‌ವೇ ಅಂದ್ರೇನೇ 'ನೀವು ಹೋಗ್ಬನ್ನಿ, ನಾನು ಕಾರಲ್ಲಿ ಪೇಪರ್ ಓದ್ತಾ ಇರ್ತೀನಿ' ಅಂತಾರೆ. ಅಮ್ಮನಿಗೆ 62. ಮಗಳು ಫೋನಲ್ಲಿ ಅಲ್ಲಿನ ಡಿಫೈಯನ್ಸ್ ಅನ್ನೋ ರೋಲರ್ ಕೋಸ್ಟರ್ ವಿಡಿಯೋ ತೋರಿಸಿದ್ದೇ ತಡ, 'ನಾನೂ ಕೂರ್ತೀನಿ' ಅಂತ ಹಟ ಹಿಡಿದಿದ್ದಾರೆ. ತಮಾಷೆಗೆ ಅಂದ್ಕೊಂಡಿದ್ವಿ. ಇಲ್ಲ, ದಿನಾ ಕೇಳ್ತಿದ್ದಾರೆ.

ಒಂದೇ ದಿನದಲ್ಲಿ ಹೋಗಿ ಬರೋಕಾಗುತ್ತಾ? ಅಮ್ಮನ್ನ ಕೂರಿಸಬಹುದಾ? ರೈಡ್ ಹತ್ತದೇ ಇರೋ ಅಪ್ಪನಿಗೆ ಅಲ್ಲಿ ಏನಾದ್ರೂ ಇದೆಯಾ, ಇಲ್ಲ ಸುಮ್ನೆ ದುಡ್ಡು ದಂಡವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಧಾರವಾಡದಂವ

ಒಂದ ದಿನದಾಗ ಆಗ್ತೈತ್ರಿ, ಆದ್ರ ನಸುಕಿನ್ಯಾಗ ಮನಿ ಬಿಡಬೇಕು. ಡೆನ್ವರ್‌ನಿಂದ ಸುಮಾರು 160 ಮೈಲಿ, ಐ-70 ಹೆದ್ದಾರಿ ಹಿಡದು ನೆಟ್ಟಗ ಪಶ್ಚಿಮಕ್ಕ. ರಸ್ತಾ ಖಾಲಿ ಇದ್ರ ಮೂರು ತಾಸು. ಶನಿವಾರ ಮುಂಜಾನೆ ಆ ರಸ್ತಾ ಖಾಲಿ ಇದ್ದದ್ದು ನಾ ಅಂತೂ ಕಂಡಿಲ್ಲ.

ಕಡೀಗೆ ಗ್ಲೆನ್‌ವುಡ್ ಕ್ಯಾನ್ಯನ್ ಬರ್ತೈತಿ, ಹನ್ನೆರಡು ಮೈಲಿ, ಒಂದ ಕಡೆ ಕೊಲರಾಡೊ ನದಿ, ಒಂದ ಕಡೆ ಕಲ್ಲಬಂಡಿ. 1992ರಾಗ ಮುಗಿಸಿದ ರಸ್ತಾ ಅದು, ಮ್ಯಾಲಿನ ಲೇನು ಸೇತುವಿ ಮ್ಯಾಲೆ, ಕೆಳಗಿನ ಲೇನು ನದಿ ಬಾಜೂಕ. ಅಪ್ಪಾರನ್ನ ಕಿಡಕಿ ಕಡೆ ಕೂಡಿಸ್ರಿ, ಪಾರ್ಕ್ ನೋಡದಿದ್ರೂ ಅವರ ರೊಕ್ಕ ವಸೂಲಿ.

ಆದ್ರ ಹವಾಮಾನ ನೋಡ್ಕೊಂಡ ಹೋಗ್ರಿ. 2020ರಾಗ ಅಲ್ಲಿ ಗ್ರಿಜ್ಲಿ ಕ್ರೀಕ್ ಬೆಂಕಿ ಬಿದ್ದು ಗುಡ್ಡದ ಮ್ಯಾಲಿನ ಗಿಡ ಸುಟ್ಟು ಹೋದ್ವು. ಮರುವರ್ಷ ಬ್ಯಾಸಗಿ ಮಳಿಗೆ ಮಣ್ಣು, ಕಲ್ಲು ಎಲ್ಲಾ ರಸ್ತಾಕ್ಕ ಇಳದು ಎರಡು ವಾರ ಐ-70 ಬಂದ್. ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಮ್ಯಾಲೆ ಸುತ್ತಹಾಕಿ ಹೋಗಬೇಕಾತು. ಜೋರ್ ಮಳಿ ಐತಿ ಅಂದ್ರ ಇನ್ನೊಂದು ಶನಿವಾರ ನೋಡ್ರಿ. ರೈಡ್ ವಿಚಾರ ನಂಗ ಕೇಳಬ್ಯಾಡ್ರಿ, ನಾ ಕೆಳಗ ನಿಂತು ಎಲ್ಲಾರ ಚಪ್ಪಲಿ ಕಾಯಾಂವ.

ಉಯ್ಯಾಲೆ_ಆಂಟಿ

ತಮ್ಮಾ, ನಿನ್ನ ಅಮ್ಮನಿಗಿಂತ ನಾನು ದೊಡ್ಡವಳು, ಡಿಫೈಯನ್ಸ್‌ನಲ್ಲಿ ಕೂತು ಬಂದಿದ್ದೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡ. ಮಗ ಗ್ರ್ಯಾಂಡ್ ಜಂಕ್ಷನ್‌ನಲ್ಲಿದ್ದಾನೆ, ಅಲ್ಲಿಂದ ಗ್ಲೆನ್‌ವುಡ್ ಹತ್ತಿರ. ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗೆಲ್ಲ ಮೊಮ್ಮಕ್ಕಳ ನೆಪ ಹೇಳಿ ಹೊರಟುಬಿಡ್ತೀನಿ. ಊರಲ್ಲಿ ಹೈಸ್ಕೂಲ್ ಫಿಸಿಕ್ಸ್ ಟೀಚರ್ ಆಗಿದ್ದೆ, ಆ ಚಾಳಿ ಬಿಟ್ಟಿಲ್ಲ. ಲೆಕ್ಕ ಬಂದ್ರೆ ಸಹಿಸ್ಕೊ.

ಮೊದಲು ಒಂದು ವಿಷಯ ತಿಳ್ಕೊ. ಆ ಪಾರ್ಕಿನ ಕೋಸ್ಟರ್‌ಗಳು ದೊಡ್ಡವಲ್ಲ. ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಮಿಲೇನಿಯಂ ಫೋರ್ಸ್ ಅಂತಿದೆ, 310 ಅಡಿ. ಅದರ ಮುಂದೆ ಡಿಫೈಯನ್ಸ್‌ನ 110 ಅಡಿ ಇಳಿಜಾರು ಮಗು. ಆದ್ರೆ ಈ ಮಗು ಕೂತಿರೋದು 7,100 ಅಡಿ ಎತ್ತರದ ಐರನ್ ಮೌಂಟನ್ ಅಂಚಲ್ಲಿ. ಕೆಳಗೆ ಊರು, ಅದಕ್ಕೂ ಕೆಳಗೆ ನದಿ. ಕಣ್ಣು ಹೆದರೋದು ಬೆಟ್ಟದ ಎತ್ತರ ನೋಡಿ, ಮೈ ಬೀಳೋದು ರೈಡ್‌ನ ಎತ್ತರದಿಂದ ಅಷ್ಟೇ. ಈ ಎರಡನ್ನೂ ಬೇರೆ ಮಾಡಿ ನೋಡಿದ್ರೆ ಯಾರಿಗೆ ಯಾವುದು ಅಂತ ನಿನಗೇ ಹೊಳೆಯುತ್ತೆ. ನಿಮ್ಮಪ್ಪನಿಗೆ ತೊಂದರೆ ಕಣ್ಣಿಂದ ಬರೋದು. ನಿಮ್ಮಮ್ಮನಿಗೆ ಕಣ್ಣಿನ ಭಯ ಇಲ್ಲ, ಆದ್ರೆ ಕುತ್ತಿಗೆ ಬೆನ್ನು ಹೇಗಿದೆ ಅಂತ ಕೇಳ್ಬೇಕು.

ಈಗ ಡಿಫೈಯನ್ಸ್. 2022ರಲ್ಲಿ ಶುರುವಾಗಿದ್ದು, ಜರ್ಮನಿಯ ಗೆರ್ಸ್ಟ್‌ಲಾವರ್ ಕಂಪನಿದು. ಮೊದಲು ಗಾಡಿ ನೆಟ್ಟಗೆ ಮೇಲಕ್ಕೆ ಹತ್ತುತ್ತೆ. ಓರೆಯಾಗಿ ಅಲ್ಲ, ಲಂಬವಾಗಿ. ಬೆನ್ನ ಮೇಲೆ ಅಂಗಾತ ಮಲಗಿದ ಹಾಗೆ ಇರ್ತೀವಿ, ಆಕಾಶ ಬಿಟ್ಟು ಇನ್ನೇನೂ ಕಾಣಲ್ಲ. ನನ್ನ ಕೇಳಿದ್ರೆ ಇಡೀ ರೈಡ್‌ನಲ್ಲಿ ಅತಿ ಕೆಟ್ಟ ಭಾಗ ಇದೇ. ಯಾಕಂದ್ರೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ. ತುದಿಗೆ ಹೋಗಿ ಬಗ್ಗಿದ ಮೇಲೆ ಕೆಳಗೆ ಕಂಬಿಯೇ ಕಾಣ್ಸಲ್ಲ. ಇಳಿಜಾರಿನ ಕೋನ 102.3 ಡಿಗ್ರಿ. ತೊಂಬತ್ತಕ್ಕೇ ನೆಟ್ಟಗೆ ಬೀಳ್ಬೇಕು, ಇದು ಇನ್ನೂ ಹನ್ನೆರಡು ಡಿಗ್ರಿ ಒಳಮುಖವಾಗಿ ಮಡಚಿಕೊಂಡಿದೆ. ಹಾಗಾಗಿ ಬೀಳುವಾಗ ಮೈ ಸೀಟು ಬಿಟ್ಟು ಮುಂದೆ ಹೋಗುತ್ತೆ, ತೊಡೆ ಮೇಲಿನ ಬಾರ್ ಹಿಡ್ಕೊಳ್ಳುತ್ತೆ. ಜೀವ ಬಾಯಿಗೆ ಬರೋದು ಅಲ್ಲೇ.

ಎಷ್ಟು ಹೊತ್ತು? 110 ಅಡಿ ಅಂದ್ರೆ 33.5 ಮೀಟರ್. ತಡೆ ಇಲ್ಲದೆ ಬಿದ್ರೆ ಎರಡೂವರೆ ಸೆಕೆಂಡಿನ ಆಸುಪಾಸು. ಎತ್ತರವನ್ನ ಗುರುತ್ವದಿಂದ ಗುಣಿಸಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗಿ, ಗಂಟೆಗೆ 57 ಮೈಲಿ ಬರುತ್ತೆ. ಪಾರ್ಕ್‌ನವರು ಹೇಳೋದು 56. ನೋಡಿದ್ಯಾ, ಏನೂ ಮುಚ್ಚುಮರೆ ಇಲ್ಲ, ಬರೀ ಬೀಳೋದು. ಆಮೇಲೆ ತಲೆಕೆಳಗಾಗುತ್ತೆ, ಒಂದಷ್ಟು ತಿರುವು, ಅಷ್ಟೊತ್ತಿಗೆ ಮುಗಿದೇ ಹೋಗಿರುತ್ತೆ. 'ಇಷ್ಟೇನಾ' ಅಂತ ಕೇಳ್ತಾರೆ ನಿಮ್ಮಮ್ಮ, ಬರೆದಿಟ್ಕೊ.

ಅಮ್ಮನ್ನ ಕೂರಿಸೋ ಮುಂಚೆ ಡಾಕ್ಟರ ಹತ್ರ ಒಂದು ಮಾತು ಕೇಳು. ಕುತ್ತಿಗೆ ಎಲುಬು ಸವೆದಿದ್ರೆ, ಮೂಳೆ ಟೊಳ್ಳಾಗಿದೆ ಅಂತ ಎಂದಾದ್ರೂ ಹೇಳಿದ್ರೆ, ಕಣ್ಣಿನ ಆಪರೇಷನ್ ಹೊಸದಾಗಿ ಆಗಿದ್ರೆ ಬೇಡ, ಹಟಕ್ಕೆ ಬಗ್ಗಬೇಡ. ಇವೇನೂ ಇಲ್ಲ ಅಂದ್ರೆ 62 ಒಂದು ವಯಸ್ಸಾ? ಸೀರೆ ಮಾತ್ರ ಬೇಡ. ಚೂಡಿದಾರ ಆದ್ರೆ ವೇಲ್ ಕಾರಲ್ಲೇ ಬಿಡ್ಲಿ. ಕರಿಮಣಿ ಸರ ಉದ್ದ ಇದ್ರೆ ಬಿಚ್ಚಿ ನಿನ್ನ ಹೆಂಡತಿ ಕೈಗೆ ಕೊಡ್ಲಿ. ಕನ್ನಡಕಕ್ಕೆ ದಾರ ಇರಲಿ, ಕಾಲಿಗೆ ಚಪ್ಪಲಿ ಬದಲು ಶೂ. ನಮ್ಮ ಹೆಂಗಸರಿಗೆ ಇದನ್ನ ಯಾರೂ ಮೊದಲೇ ಹೇಳಲ್ಲ, ಕ್ಯೂ ತುದಿಗೆ ಹೋದ್ಮೇಲೆ ಹೇಳ್ತಾರೆ.

ಆದ್ರೆ ನೇರ ಅದಕ್ಕೇ ಹೋಗ್ಬೇಡ. ಮೊದಲು ಆಲ್ಪೈನ್ ಕೋಸ್ಟರ್. ಕಾಡಿನ ಮಧ್ಯೆ 3,400 ಅಡಿ ಕಂಬಿ, ಇಬ್ಬರು ಕೂರೋ ಪುಟ್ಟ ಗಾಡಿ, ಎರಡೂ ಕಡೆ ಹಿಡಿಕೆ. ಮುಂದೆ ತಳ್ಳಿದ್ರೆ ಓಡುತ್ತೆ, ಎಳೆದ್ರೆ ಬ್ರೇಕು. ಬ್ರೇಕ್ ತನ್ನ ಕೈಯಲ್ಲೇ ಇದೆ ಅಂದಾಗ ಮನುಷ್ಯನಿಗೆ ಎಲ್ಲಿಲ್ಲದ ಧೈರ್ಯ. ಅಜ್ಜಿ ಮೊಮ್ಮಗಳು ಒಂದೇ ಗಾಡೀಲಿ ಹೋಗ್ಲಿ, ಹಿಡಿಕೆ ಅಜ್ಜಿ ಕೈಲಿರಲಿ. ಮುಂದಿನ ಗಾಡಿ ದೂರ ಹೋಗೋವರೆಗೂ ಹೊರಡಬೇಡಿ, ಮಧ್ಯದಲ್ಲಿ ನಿಧಾನಿಸೋರು ಸಿಕ್ಕೇ ಸಿಗ್ತಾರೆ. ಆಮೇಲೆ ಕ್ಲಿಫ್‌ಹ್ಯಾಂಗರ್. ಅದು 2012ರದ್ದು, ಹಳೇ ನಮೂನೆ ಕೋಸ್ಟರ್. ಕಣಿವೆ ಕಡೆ ತಿರುಗುವಾಗ ಹೊರಗೆ ಬಿದ್ದೇ ಬಿಟ್ವಿ ಅನ್ಸುತ್ತೆ, ಅದೊಂದೇ ಅದರ ಕಸುಬು. ಇವೆರಡರಲ್ಲಿ ಅಮ್ಮ ನಗ್ತಾ ಇಳಿದ್ರೆ ಡಿಫೈಯನ್ಸ್‌ಗೆ ಕರ್ಕೊಂಡು ಹೋಗು. ಹೊಟ್ಟೆ ತೊಳೆಸಿದ ಹಾಗಾಯ್ತು ಅಂದ್ರೆ ಅಲ್ಲಿಗೆ ನಿಲ್ಲಿಸು. ಮಗಳ ಎತ್ತರ ರೈಡ್ ಬಾಗಿಲಲ್ಲಿ ಕೋಲು ಹಿಡಿದು ಅಳೀತಾರೆ, ವೆಬ್‌ಸೈಟಲ್ಲಿ ಮೊದಲೇ ನೋಡ್ಕೊಂಡು ಅವಳಿಗೆ ಹೇಳಿಬಿಡು. ಅಲ್ಲಿ ಹೋಗಿ ಅಳಿಸಬೇಡ.

ಇನ್ನು ಜೈಂಟ್ ಕ್ಯಾನ್ಯನ್ ಸ್ವಿಂಗ್. ನನ್ನ ಹೆಸರು ನೋಡಿದ್ಯಲ್ಲ, ಅದರಿಂದಲೇ ಬಂದಿದ್ದು. ನದಿಯಿಂದ 1,300 ಅಡಿ ಮೇಲೆ ಬಂಡೆ ಅಂಚಿನಾಚೆಗೆ ಬೀಸಿ ಎಸೆಯೋ ಉಯ್ಯಾಲೆ. ಕೋಸ್ಟರ್‌ಗಿಂತ ಇದೇ ಭಯಂಕರ ಅಂತ ನನ್ನ ಅಭಿಪ್ರಾಯ. ಕೋಸ್ಟರ್ ಬೀಳಿಸಿ ಬಿಟ್ಟುಬಿಡುತ್ತೆ, ಇದು ಬೀಳಿಸಿ ತಂದು ಮತ್ತೆ ಅಲ್ಲಿಗೇ ಒಯ್ಯುತ್ತೆ. ಅಮ್ಮನಿಗೆ ವಿಡಿಯೋ ತೋರಿಸಬೇಡ.

ಅಪ್ಪನ ವಿಚಾರ. ಬಿ.ಪಿ. ಇದೆ ಅಂದ್ಮೇಲೆ ಕೋಸ್ಟರ್ ಹತ್ತಿರವೂ ಬೇಡ, ರೈಡ್‌ಗಳ ಬೋರ್ಡ್ ಮೇಲೂ ಅದೇ ಇರುತ್ತೆ. ಆದ್ರೆ ಕಾರಲ್ಲಿ ಪೇಪರ್ ಓದೋದು ಅನ್ಯಾಯ. ಮೇಲೆ ಹೋಗೋ ಗೊಂಡೋಲಾ ಅಂದ್ರೆ ರೋಪ್‌ವೇಯ ಮುಚ್ಚಿದ ಡಬ್ಬಿ, 2019ರಲ್ಲಿ ಹೊಸದಾಗಿ ಹಾಕಿದ್ದು, ಹತ್ತು ನಿಮಿಷದೊಳಗೆ ಮೇಲೆ. ಹೋಗುವಾಗ ಬೆಟ್ಟಕ್ಕೆ ಮುಖ ಮಾಡಿ ಕೂರ್ಲಿ, ಇಳಿಯುವಾಗಲೂ ಬೆಟ್ಟಕ್ಕೇ ಮುಖ. ಊರು ಬೆನ್ನ ಹಿಂದೆ ಇದ್ರೆ ಎತ್ತರ ಗೊತ್ತೇ ಆಗಲ್ಲ. ನಮ್ಮನೆಯವರನ್ನ ಹೀಗೇ ಹತ್ತಿಸಿದ್ದು. ಮೇಲೆ ಗುಹೆ ಇದೆ, ನಿಜ ಹೇಳ್ಬೇಕಂದ್ರೆ ಪಾರ್ಕ್ ಹುಟ್ಟಿದ್ದೇ ಗುಹೆಯಿಂದ. ಫೇರಿ ಕೇವ್ಸ್ ಅಂತ 1890ರ ದಶಕದಲ್ಲೇ ಜನಕ್ಕೆ ತೋರಿಸ್ತಿದ್ರು, 1897ರ ಹೊತ್ತಿಗೆ ಒಳಗೆ ಕರೆಂಟ್ ದೀಪ! 1917ರಲ್ಲಿ ಮುಚ್ಚಿ, ಮತ್ತೆ ತೆರೆದದ್ದು 1999ರಲ್ಲಿ. ಒಳಗೆ ವರ್ಷವಿಡೀ 52 ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಮರೀಬೇಡಿ. ಕಿಂಗ್ಸ್ ರೋ ಅನ್ನೋ ಇನ್ನೊಂದು ಟೂರ್ ಇದೆ, ಸುಣ್ಣದ ಕಂಬಗಳು ಬಲು ಚೆಂದ, ಆದ್ರೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಹತ್ತಬೇಕು. ಅಪ್ಪನಿಗೆ ಫೇರಿ ಕೇವ್ಸ್ ಸಾಕು. ಅಲ್ಲೂ ಒಂದು ಕಡೆ ಬಂಡೆಯಿಂದ ಹೊರಗೆ ಚಾಚಿದ ಕಟ್ಟೆ ಬರುತ್ತೆ, ಕಣಿವೆ ಇಡೀ ಕಾಣುತ್ತೆ. ಬೇಡ ಅಂದ್ರೆ ಅವರು ಗೋಡೆ ಕಡೆ ನಿಲ್ಲಲಿ.

ಕೊನೇದಾಗಿ ಸಮಯ. ಜುಲೈ ಆಗಸ್ಟಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮಿಂಚು ಹತ್ತಿರ ಬಂದ್ರೆ ಕೋಸ್ಟರ್ ನಿಲ್ಲಿಸ್ತಾರೆ, ಗೊಂಡೋಲಾನೂ ನಿಲ್ಲಿಸ್ತಾರೆ. ಬೆಟ್ಟದ ತುದೀಲಿ ಕಬ್ಬಿಣದ ಕಂಬ ನೆಟ್ಟು ಕೂತಿರೋರು ಇನ್ನೇನು ಮಾಡ್ತಾರೆ? ಅದಕ್ಕೇ ರೈಡೆಲ್ಲ ಬೆಳಿಗ್ಗೆ, ಗುಹೆ ಮಧ್ಯಾಹ್ನ. ಗುಹೆ ಟೂರ್ ಟೈಮನ್ನ ಮೊದಲೇ ಗೊತ್ತುಮಾಡ್ಕೊಳ್ಳಿ. ನೀರು ಕುಡೀತಾ ಇರಿ, ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಪಾಲಿನಷ್ಟೇ. ಡೆನ್ವರ್‌ನಲ್ಲಿ ಒಂದಷ್ಟು ದಿನ ಇದ್ದವರಿಗೆ ಅದೇನೂ ದೊಡ್ಡದಲ್ಲ. ದಾರೀಲಿ ಐಸೆನ್‌ಹೋವರ್ ಸುರಂಗ 11,000 ಅಡಿ ದಾಟುತ್ತಲ್ಲ, ತಲೆ ಸುತ್ತಿದ್ರೆ ಅಲ್ಲೇ ಸುತ್ತೋದು.

ಹೊಸಬಳು_ಬೋಲ್ಡರ್

ಆಂಟಿ, ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚ್ತಿಲ್ಲ. ಆದ್ರೆ 2021ರಲ್ಲಿ ಅಲ್ಲಿ ಒಂದು ಪುಟ್ಟ ಮಗು ತೀರಿಕೊಂಡಿದ್ದನ್ನ ಯಾರೂ ಹೇಳ್ತಿಲ್ಲವಲ್ಲ? ಎಂಟು ವರ್ಷದ ಮಗಳನ್ನ ಕರ್ಕೊಂಡು ಹೋಗೋರಿಗೆ ಅದು ಗೊತ್ತಿರಬೇಕಲ್ವಾ?

ಉಯ್ಯಾಲೆ_ಆಂಟಿ

ಗೊತ್ತಿರಬೇಕಮ್ಮ, ಕೇಳಿದ್ದು ಒಳ್ಳೇದಾಯ್ತು. ಅದು ಕೋಸ್ಟರ್ ಅಲ್ಲ, ಹಾಂಟೆಡ್ ಮೈನ್ ಡ್ರಾಪ್ ಅಂತ ಬೆಟ್ಟದೊಳಗೆ ಕೆಳಕ್ಕೆ ಬೀಳೋ ರೈಡ್. ಸೆಪ್ಟೆಂಬರ್ 2021. ಆರು ವರ್ಷದ ಮಗು. ರಾಜ್ಯ ಸರ್ಕಾರದ ತನಿಖಾ ವರದಿ ಪ್ರಕಾರ ಸೀಟ್ ಬೆಲ್ಟ್ ಮಗುವಿನ ತೊಡೆ ಮೇಲೆ ಇರಲೇ ಇಲ್ಲ, ಮಗು ಬೆಲ್ಟ್ ಮೇಲೆ ಕೂತಿತ್ತು. ಯಂತ್ರ ತೋರಿಸಿದ ಎಚ್ಚರಿಕೆಯನ್ನ ಆಪರೇಟರ್‌ಗಳು ಸರಿಯಾಗಿ ಅರ್ಥ ಮಾಡ್ಕೊಳ್ಳಲಿಲ್ಲ, ಅವರಿಗೆ ತರಬೇತಿಯೂ ಸಾಲದಾಗಿತ್ತು ಅಂತ ವರದಿಯಲ್ಲಿದೆ.

ಅದಾದ ಮೇಲೆ ನಾನು ಯಾವ ಪಾರ್ಕಿಗೆ ಹೋದ್ರೂ ಮೊಮ್ಮಕ್ಕಳ ಬೆಲ್ಟನ್ನ ನಾನೇ ಎಳೆದು ನೋಡ್ತೀನಿ. ಬಕಲ್ ಕಣ್ಣಿಗೆ ಕಾಣ್ಬೇಕು, ಪಟ್ಟಿ ತೊಡೆಗೆ ಅಂಟಿರಬೇಕು, ಬಾರ್ ಮೇಲಕ್ಕೆ ತಳ್ಳಿದ್ರೆ ಅಲ್ಲಾಡಬಾರದು. ಅನುಮಾನ ಬಂತು ಅಂದ್ರೆ ಕೈ ಎತ್ತಿ ಕೂಗೋದು, ಕ್ಯೂನಲ್ಲಿರೋರು ಏನಂದ್ಕೊಂಡ್ರೂ ಸರಿ. ಕೂರೋದೇ ಬೇಡ ಅನ್ನಿಸಿದ್ರೆ ಅದೂ ಸರಿಯೇ. ನಿನ್ನ ಮಗಳ ವಿಷಯದಲ್ಲಿ ನನ್ನ ಮಾತು ಕೇಳ್ಕೊಂಡು ತೀರ್ಮಾನ ಮಾಡ್ಬೇಡ ತಮ್ಮಾ, ನೀವಿಬ್ಬರೂ ಕೂತು ಮಾಡಿ.

ಕಣಿವೆ_ರೈಲು

ಇನ್ನೊಂದು ದಾರಿ: ಕಾರು ಬಿಟ್ಟು ರೈಲಲ್ಲಿ ಹೋಗಿ. ಆಮ್‌ಟ್ರಾಕ್‌ನ ಕ್ಯಾಲಿಫೋರ್ನಿಯಾ ಝೆಫಿರ್ ಬೆಳಿಗ್ಗೆ ಡೆನ್ವರ್ ಯೂನಿಯನ್ ಸ್ಟೇಷನ್ ಬಿಟ್ಟು, ಮೊಫಾಟ್ ಸುರಂಗ ದಾಟಿ, ನದಿ ಪಕ್ಕದಲ್ಲೇ ಗ್ಲೆನ್‌ವುಡ್‌ಗೆ ಮಧ್ಯಾಹ್ನ ಸೇರುತ್ತೆ. ಸಮಯ ಕಾರಿನ ಎರಡರಷ್ಟು, ಅಂದೇ ವಾಪಸ್ ಬರೋಕಾಗಲ್ಲ, ಒಂದು ರಾತ್ರಿ ಅಲ್ಲೇ ಉಳೀಬೇಕು. ಅಪ್ಪಂಗೆ ಇದೇ ಇಷ್ಟ ಆಗಬಹುದು. ಉಳಿದರೆ ಬಿಸಿನೀರಿನ ಕೊಳ ಇದ್ದೇ ಇದೆ, 1888ರಿಂದ ನಡೀತಿದೆ. ಅಂದಹಾಗೆ ಊರಿನ ಮೊದಲ ಹೆಸರೇ ಡಿಫೈಯನ್ಸ್, ಕೋಸ್ಟರ್‌ಗೆ ಅದನ್ನೇ ಇಟ್ಟಿದ್ದಾರೆ.

ಮಲೆನಾಡಿಗ_ಡೆನ್ವರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಟ್ಟಕ್ಕೆ ಮುಖ ಮಾಡಿ ಕೂರೋ ಉಪಾಯ ಅಪ್ಪನಿಗೆ ಓದಿ ಹೇಳಿದೆ. 'ನೋಡೋಣ' ಅಂದ್ರು. ಅವರ ಬಾಯಲ್ಲಿ ಅದು ಮುಕ್ಕಾಲು ಒಪ್ಪಿಗೆ. ಅಮ್ಮ ಮಾತ್ರ 'ಆ ಆಂಟಿ ಉಯ್ಯಾಲೆ ಅಂದ್ರಲ್ಲ, ಅದು ಯಾವುದು?' ಅಂತ ಕೇಳ್ತಿದ್ದಾರೆ. ಇದನ್ನ ಜೋರಾಗಿ ಓದಬಾರದಿತ್ತು ಅನ್ಸುತ್ತೆ.

ಒಂದೇ ಡೌಟು: ಅಪ್ಪ ಕೊನೇ ಗಳಿಗೇಲಿ ಬೇಡ ಅಂದ್ರೆ ಕಾರಲ್ಲೇ ಮೇಲೆ ಹೋಗೋ ದಾರಿ ಇದೆಯಾ?

ಉಯ್ಯಾಲೆ_ಆಂಟಿ

ಇಲ್ಲಪ್ಪ. ಕಾರು ಕೆಳಗೇ ನಿಲ್ಲಿಸಬೇಕು, ಬಂದವರೆಲ್ಲ ಗೊಂಡೋಲಾದಲ್ಲೇ ಮೇಲೆ ಹೋಗೋದು. ಅಪ್ಪನ ಟಿಕೆಟ್ ಮಾತ್ರ ಬೇರೆ ತಗೋ. ಗೊಂಡೋಲಾ ಮತ್ತೆ ಗುಹೆ ಸೇರಿಸಿ ಕೊಡ್ತಾರೆ, ರೈಡ್ ಎಲ್ಲ ಸೇರಿದ ಪಾಸ್ ಅವರಿಗೆ ದಂಡ. ಕೆಳಗೇ ಉಳೀತೀನಿ ಅಂದ್ರೆ ಬಿಸಿನೀರಿನ ಕೊಳಕ್ಕೆ ಬಿಟ್ಟು ಹೋಗಿ, ದೂರ ಇಲ್ಲ. ಟವೆಲ್ ಮನೆಯಿಂದಲೇ ತಗೊಂಡು ಹೋಗಿ.